ಹೊತ್ತೊಯ್ಯುವ ಗೋಡೆ

ಚಿತ್ರ ಬರೆಯುವುದೇ ಕಷ್ಟ ಎನ್ನುವವರು ಅದನ್ನು ಬೀದಿಯಲ್ಲಿ ನೇತುಹಾಕುವ ಉಸಾಬರಿಗೆ ಇನ್ನೂ ಇಳಿದಿಲ್ಲ ಎಂದೇ ಅರ್ಥ. ಮನೆಯೊಳಗಾದರೆ ಒಂದು ಮೊಳೆ, ಒಂದು ಸುತ್ತಿಗೆ, ಸ್ಟೂಲು ಅಲ್ಲಾಡದಂತೆ ಹಿಡಿದುಕೊಳ್ಳಲು ಒಬ್ಬ ಗಂಡ ಇದ್ದರೆ ಸಾಕು. ಬೀದಿಯಲ್ಲಿ ಮೊದಲು ಗೋಡೆಯೇ ಇಲ್ಲ. ಅದನ್ನೂ ಮನೆಯಿಂದ ಹೊತ್ತುಕೊಂಡು ಹೋಗಬೇಕು. ಹೊರುವಷ್ಟು ಹಗುರವಾಗಿದ್ದರೆ ಅದು ಗಾಳಿಗೆ ನಿಲ್ಲುವುದಿಲ್ಲ. ಗಾಳಿಗೆ ನಿಲ್ಲುವಷ್ಟು ಭಾರವಾಗಿದ್ದರೆ ಹೊರುವವನ ಸೊಂಟ ನಿಲ್ಲುವುದಿಲ್ಲ. ಇವೆರಡರ ನಡುವೆ ಎಲ್ಲೋ ಒಂದು ಒಳ್ಳೆಯ ಗೋಡೆ ಇದೆ ಎಂಬ ನಂಬಿಕೆಯಲ್ಲಿ ನಮ್ಮ ಕಾಂಪೌಂಡಿನ ಆಚೆ ಈಚೆ ಡಿಸೆಂಬರಿನ ಬೆಳಗುಗಳೆಲ್ಲ ಕಳೆಯುತ್ತಿವೆ.

ಇದಕ್ಕೆಲ್ಲ ಕಾರಣ ಚಿತ್ರಸಂತೆ. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಿಂದ ನಡೆಸಿಕೊಂಡು ಬಂದಿರುವ ಈ ಸಂತೆ ಸಾಮಾನ್ಯವಾಗಿ ಜನವರಿಯ ಮೊದಮೊದಲ ಒಂದು ಭಾನುವಾರ. ಅಂದು ಬೆಂಗಳೂರಿನ ಕುಮಾರಕೃಪಾ ರಸ್ತೆಗೆ ವಾಹನಗಳಿಂದ ರಜೆ. ಬೇರೆ ಬೇರೆ ರಾಜ್ಯಗಳಿಂದ ಸಾವಿರಕ್ಕೂ ಮಿಕ್ಕ ಕಲಾವಿದರು, ನೋಡಲು ಲಕ್ಷಗಟ್ಟಲೆ ಜನ. 2021ರಲ್ಲಿ ಮಾತ್ರ ಕೋವಿಡ್ ದೆಸೆಯಿಂದ ಸಂತೆ ಆನ್‌ಲೈನಿಗೆ ಹೋಯಿತು. ಆ ವರ್ಷ ಯಾರಿಗೂ ಗೋಡೆಯ ಚಿಂತೆ ಇರಲಿಲ್ಲ. ಈ ಸಲ ನನ್ನ ಹೆಂಡತಿಯ ಜಲವರ್ಣಗಳಿಗೂ ಅಲ್ಲಿ ಒಂದಿಷ್ಟು ಜಾಗ ಸಿಕ್ಕಿದೆ. ಸುದ್ದಿ ಕೇಳಿದ ದಿನ ನಾನು ಪೇಡ ತಂದೆ. ಪಕ್ಕದ ಮನೆಯ ರಾಯರು ಅಳತೆಯ ಟೇಪು ತಂದರು.

ರಾಯರು ಲೋಕೋಪಯೋಗಿ ಇಲಾಖೆಯ ಎಂಜಿನಿಯರಾಗಿ ನಿವೃತ್ತರಾದವರು. ನಾನು ಹೈಸ್ಕೂಲಿನ ಕನ್ನಡ ಮೇಷ್ಟರಾಗಿ ನಿವೃತ್ತನಾದವನು. ಹೀಗಾಗಿ ಯಾವ ವಿಷಯ ಬಂದರೂ ಲೆಕ್ಕ ಅವರದು, ಮಾತು ನನ್ನದು. ಈ ಗೋಡೆಯ ವಿಷಯದಲ್ಲಿ ಮಾತ್ರ ಎರಡೂ ಅವರದೇ ಆಗಿಬಿಟ್ಟಿತು.

“ಪ್ಲೈವುಡ್ಡೇ ಸರಿ ಅಣ್ಣಾ,” ಎಂದಳು ನನ್ನಾಕೆ ಮೊದಲ ದಿನ. “ಎಂಟಡಿ, ನಾಲ್ಕಡಿ ಹಾಳೆ ಎರಡು ತಂದು ಬಿಳಿ ಬಣ್ಣ ಬಳಿದುಬಿಟ್ರೆ ಗ್ಯಾಲರಿ ಥರಾನೇ ಕಾಣ್ಸುತ್ತೆ.”

“ಎಷ್ಟು ದಪ್ಪದ್ದಮ್ಮಾ?”

“ಹನ್ನೆರಡು ಎಂಎಂ.”

ರಾಯರು ನನ್ನ ಕಡೆ ಮರುಕದಿಂದ ನೋಡಿದರು. “ಒಂದೊಂದು ಹಾಳೆ 20 ಕೆ.ಜಿ.ಗೆ ಮೇಲೇ ಬರುತ್ತೆ ಮೇಷ್ಟ್ರೇ. ಅದಕ್ಕೆ ಕಾಲು, ಊರೆ, ತಿರುಪು ಬೇರೆ. ಹೋಗ್ಲಿ ಅಂದ್ರೆ, ಅಷ್ಟು ಹೊತ್ತರೂ ಅದು ನಿಲ್ಲೋ ಜಾತಿ ಅಲ್ಲ.” ಹಾಗೆಂದು ಕಾಂಪೌಂಡಿನ ಮೇಲೆಯೇ ಸೀಮೆಸುಣ್ಣದಲ್ಲಿ ಲೆಕ್ಕ ಶುರುಮಾಡಿದರು.

ಗಾಳಿಯ ಒತ್ತಡದ ಬಗ್ಗೆ ನಮ್ಮ ದೇಶದಲ್ಲಿ ಒಂದು ಮಾನಕವೇ ಇದೆ, ಐಎಸ್ 875ರ ಮೂರನೇ ಭಾಗ. ರಾಯರ ಪಾಲಿಗೆ ಅದು ನಿತ್ಯ ಪಾರಾಯಣದ ಗ್ರಂಥ. ಗಾಳಿಯ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ಹಿಡಿದು, ಅದರ ವರ್ಗವನ್ನು 0.6ರಿಂದ ಗುಣಿಸಿದರೆ ಪ್ರತಿ ಚದರ ಮೀಟರಿಗೆ ಎಷ್ಟು ನ್ಯೂಟನ್ ಒತ್ತಡ ಎಂಬುದು ಸಿಗುತ್ತದೆ. ಗಂಟೆಗೆ 36 ಕಿಲೋಮೀಟರಿನ ಗಾಳಿ ಎಂದರೆ ಸ್ಕೂಟರು ನಿಧಾನವಾಗಿ ಹೋಗುವ ವೇಗ. ಆರಡಿ ಎತ್ತರ, ನಾಲ್ಕಡಿ ಅಗಲದ ಹಲಗೆಯನ್ನು ಅದು ಸುಮಾರು 14 ಕೆ.ಜಿ. ತೂಕದಷ್ಟು ನೂಕುತ್ತದೆ. ಗಾಳಿಯ ವೇಗ ಎರಡರಷ್ಟಾದರೆ ನೂಕು ನಾಲ್ಕರಷ್ಟಾಗುತ್ತದೆ, 50 ಕೆ.ಜಿ. ದಾಟುತ್ತದೆ.

“ಜನವರೀಲಿ ಬೆಂಗಳೂರಲ್ಲಿ ಅಂಥಾ ಗಾಳಿ ಎಲ್ಲಿ ಬೀಸುತ್ತೆ ರಾಯರೇ?”

“ಮಾನಕದಲ್ಲಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್ ಅಂತಿದೆ. ಗಂಟೆಗೆ ಹೆಚ್ಚುಕಮ್ಮಿ 119 ಕಿಲೋಮೀಟರ್.”

“ಅಷ್ಟು ಗಾಳಿ ಬಂದ್ರೆ ಸಂತೇಲಿ ಚಿತ್ರ ಕೊಳ್ಳೋಕೆ ಯಾರಿರ್ತಾರೆ?”

“ಯಾರೂ ಇರಲ್ಲ. ಗೋಡೆ ಇರಬೇಕು.”

ಇದಕ್ಕೆ ಏನು ಉತ್ತರ ಹೇಳುವುದು? ಆದರೆ ಲೆಕ್ಕದಲ್ಲಿ ಬಿಟ್ಟುಹೋದ ಒಂದು ಸಂಗತಿಯನ್ನು ನಾನು ಎತ್ತಿ ತೋರಿಸಿದೆ. ಚಿತ್ರಸಂತೆಯಲ್ಲಿ ಗಾಳಿಗಿಂತ ಜನರ ನೂಕು ಹೆಚ್ಚು. ಮಧ್ಯಾಹ್ನದ ಹೊತ್ತಿಗೆ ಕುಮಾರಕೃಪಾ ರಸ್ತೆಯಲ್ಲಿ ನಡೆಯುವುದೆಂದರೆ ನಮ್ಮಿಚ್ಛೆಯ ಮಾತಲ್ಲ. ಹಿಂದಿನವರು ಎತ್ತ ತಳ್ಳಿದರೆ ಅತ್ತ. ಅದರಲ್ಲೂ ಫೋಟೊ ತೆಗೆಸಿಕೊಳ್ಳುವವರು ಹಿಮ್ಮುಖವಾಗಿ ಹೆಜ್ಜೆಯಿಟ್ಟುಕೊಂಡು ಬರುತ್ತಾರೆ. ಬೆನ್ನಿಗೆ ಕಟ್ಟಿದ ಚೀಲ ಎಲ್ಲಿ ತಗಲುತ್ತದೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ. ಆ ಚೀಲಕ್ಕೆ ಯಾವ ಮಾನಕದಲ್ಲಿ ಎಷ್ಟು ನ್ಯೂಟನ್ ಬರೆದಿದೆ? ರಾಯರು ಇದನ್ನು ಒಪ್ಪಿಕೊಂಡು, ‘ಚಲಿಸುವ ಭಾರ’ ಎಂದು ಒಂದು ಹೊಸ ಸಾಲು ಸೇರಿಸಿದರು.

ಪ್ಲೈವುಡ್ಡು ಅಲ್ಲಿಗೆ ಮುಗಿಯಿತು. ಎರಡನೆಯ ಸರದಿ ಜಾಲರಿಯದು. ಕಬ್ಬಿಣದ ಕಡ್ಡಿಗಳನ್ನು ಚೌಕ ಚೌಕವಾಗಿ ಬೆಸೆದ, ಅಂಗಡಿಗಳಲ್ಲಿ ಕೀಚೈನು, ರಿಬ್ಬನ್ನು ನೇತುಹಾಕುತ್ತಾರಲ್ಲ, ಅದು. ಗಾಳಿ ಅದರೊಳಗಿಂದಲೇ ಹಾದುಹೋಗುತ್ತದೆ. ಎಸ್ ಆಕಾರದ ಕೊಕ್ಕೆ ಸಿಕ್ಕಿಸಿದರೆ ಚಿತ್ರ ಎಲ್ಲಿ ಬೇಕೋ ಅಲ್ಲಿ ನಿಲ್ಲುತ್ತದೆ, ಮೊಳೆ ಬೇಡ, ಸುತ್ತಿಗೆ ಬೇಡ. ಎಸ್‌ಜೆಪಿ ರಸ್ತೆಗೆ ಒಮ್ಮೆ ಹೋಗಿಬಂದರೆ ಕೆಲಸ ಮುಗಿಯಿತು ಎಂದುಕೊಂಡೆವು.

ನನ್ನಾಕೆ ಗೆಳತಿಯೊಬ್ಬಳಿಂದ ಒಂದು ಜಾಲರಿ ಎರವಲು ತಂದು, ಅಂಗಳದಲ್ಲಿ ನಿಲ್ಲಿಸಿ, ತನ್ನ ಮಲೆನಾಡಿನ ಮಳೆಯ ಚಿತ್ರವನ್ನು ಅದಕ್ಕೆ ಹಾಕಿದಳು. ಎಲ್ಲರೂ ಹಿಂದೆ ಸರಿದು ನೋಡಿದೆವು. ಚಿತ್ರದ ನಾಲ್ಕೂ ಕಡೆ ಚೌಕಗಳು. ಅವುಗಳ ಸಂದಿಯಿಂದ ಹಿಂದಿನ ತಂತಿಯಲ್ಲಿ ಒಣಗುತ್ತಿದ್ದ ನನ್ನ ಬನಿಯನ್ನು.

“ಮಳೆ ಚೆನ್ನಾಗಿದೆ. ಆದ್ರೆ ಬನಿಯನ್ನು ಮೊದಲು ಕಾಣ್ಸುತ್ತೆ,” ಎಂದರು ರಾಯರು.

ಸಂತೆಯಲ್ಲಿ ಬನಿಯನ್ನಿನ ಜಾಗದಲ್ಲಿ ಪಕ್ಕದ ಮಳಿಗೆಯವರ ಕುದುರೆಗಳು ಕಾಣುತ್ತವೆ, ಅಷ್ಟೇ ವ್ಯತ್ಯಾಸ. ಅದನ್ನು ತಪ್ಪಿಸಲು ಜಾಲರಿಗೆ ಬಟ್ಟೆ ಹೊದಿಸಬೇಕು. ಬಟ್ಟೆ ಹೊದಿಸಿದ ಕೂಡಲೇ ಗಾಳಿಗೆ ದಾರಿ ಮುಚ್ಚಿ ಅದು ಮತ್ತೆ ಹಾಯಿ. ಬಟ್ಟೆಯೇ ಬೇಡ ಎಂದು ಜಾಲರಿಯ ತುಂಬ ಚಿತ್ರಗಳನ್ನೇ ಒತ್ತೊತ್ತಾಗಿ ತುಂಬಿದರೂ ಅದೇ ಕಥೆ. ಗಾಳಿಗೆ ಪ್ಲೈವುಡ್ಡು ಯಾವುದು, ಕಲಾಕೃತಿ ಯಾವುದು ಎಂಬ ಭೇದವಿಲ್ಲ. ಜಾಲರಿಯ ಪ್ರಯೋಜನ ಉಳಿಯಬೇಕಾದರೆ ಚಿತ್ರಗಳ ನಡುವೆ ಧಾರಾಳವಾಗಿ ಜಾಗ ಬಿಡಬೇಕು. ಅಂದರೆ ತಂದ ಚಿತ್ರಗಳಲ್ಲಿ ಅರ್ಧ ಕೆಳಗಿಡಬೇಕು. ಈ ಮಾತನ್ನು ಕಲಾವಿದರಿಗೆ ಹೇಳುವ ಧೈರ್ಯ ಕಾಂಪೌಂಡಿನ ಎರಡೂ ಕಡೆಯ ಗಂಡಸರಿಗೆ ಇರಲಿಲ್ಲ.

ಇಷ್ಟು ಹೊತ್ತಿಗೆ ಅಮೆರಿಕದಲ್ಲಿರುವ ರಾಯರ ಮಗಳು ವಿಡಿಯೊ ಕರೆಯಲ್ಲಿ ಸಭೆಗೆ ಬಂದಳು. ವಾರದ ದಿನಗಳಲ್ಲಿ ಸಾಫ್ಟ್‌ವೇರು, ಬೇಸಿಗೆಯ ವಾರಾಂತ್ಯಗಳಲ್ಲಿ ಅಲ್ಲಿನ ಬೀದಿ ಕಲಾಮೇಳಗಳಲ್ಲಿ ತನ್ನ ಚಿತ್ರಗಳ ಮಾರಾಟ. ಮಿಷಿಗನ್‌ನ ಆನ್ ಆರ್ಬರ್‌ನಲ್ಲಿ ಇಂಥ ಬೀದಿ ಮೇಳ 1960ರಿಂದ ನಡೆಯುತ್ತಿದೆ. ನಮ್ಮ ಚಿತ್ರಕಲಾ ಪರಿಷತ್ತು ಹುಟ್ಟಿದ್ದೂ ಅದೇ ವರ್ಷ. ಅಲ್ಲಿ ಒಬ್ಬೊಬ್ಬರಿಗೂ ಹತ್ತಡಿಗೆ ಹತ್ತಡಿ ಜಾಗ, ಅದರ ಮೇಲೊಂದು ಮಡಚುವ ಬಿಳಿ ಡೇರೆ. ಒಳಗೆ ಆಳೆತ್ತರದ ಹಲಗೆಗಳು. ಅವಕ್ಕೆ ಬೂದು ಬಣ್ಣದ ಜಮಖಾನೆಯಂಥ ಬಟ್ಟೆ ಅಂಟಿಸಿರುತ್ತಾರಂತೆ. ವೆಲ್ಕ್ರೋ ಕೊಕ್ಕೆಯನ್ನು ಎಲ್ಲಿ ಒತ್ತಿದರೂ ಹಿಡಿದುಕೊಳ್ಳುತ್ತದೆ. ಚಿತ್ರವನ್ನು ಒಂದಂಗುಲ ಎಡಕ್ಕೆ ಸರಿಸಬೇಕೆಂದರೆ ಕಿತ್ತು ಒತ್ತಿದರಾಯಿತು, ತೂತಿನ ಗುರುತು ಉಳಿಯುವುದಿಲ್ಲ. ಹಲಗೆ ಹೊರಲಾರದವರಿಗೆ ಡೇರೆಯ ಕಂಬಿಗೆ ಪರದೆಯ ಹಾಗೆ ಇಳಿಬಿಡುವ ಬಲೆಯ ಗೋಡೆಯೂ ಇದೆ. ಸುತ್ತಿ ಚೀಲಕ್ಕೆ ಹಾಕಿಕೊಂಡು ಹೋಗಬಹುದು.

“ಭಾರ ಹೇಗೆ ಕೊಡ್ತೀರ?” ರಾಯರ ಪ್ರಶ್ನೆ ಒಂದೇ.

“ಡೇರೆಯ ಒಂದೊಂದು ಕಾಲಿಗೂ 40 ಪೌಂಡ್ ಕಟ್ಟಬೇಕು ಅಂತಾರೆ ಅಪ್ಪಾ.”

“18 ಕೆ.ಜಿ.,” ಎಂದು ರಾಯರು ನನ್ನತ್ತ ತಿರುಗಿದರು. ಅವರ ಕಣ್ಣಲ್ಲಿ ಹೊಳಪು. “ಮೇಷ್ಟ್ರೇ, ನೀರಿನ ಕ್ಯಾನು! 20 ಲೀಟರು, 20 ಕೆ.ಜಿ. ಕೊಂಡೊಯ್ಯೋದೇ ಬೇಡ, ಅಲ್ಲೇ ತರಿಸಿದ್ರಾಯ್ತು.”

ಅದ್ಭುತವಾದ ಯೋಚನೆ. ಆದರೆ ರಾಯರ ಮನೆಯವರು ಒಗ್ಗರಣೆ ಸೌಟು ಹಿಡಿದುಕೊಂಡೇ ಹೊರಗೆ ಬಂದು ಒಂದು ಮಾತು ಕೇಳಿದರು. “ಬಿಸಿಲಲ್ಲಿ ಇಡೀ ದಿನ ನಿಂತಿರ್ತಾರೆ. ಅದನ್ನ ಕುಡಿಯಲ್ವಾ?” ನಿಜ. ಬೆಳಗ್ಗೆ 20 ಕೆ.ಜಿ. ಇದ್ದದ್ದು ಮಧ್ಯಾಹ್ನ ಹತ್ತಾಗಿ, ಸಂಜೆಯ ಗಾಳಿ ಏಳುವ ಹೊತ್ತಿಗೆ ಖಾಲಿ ಕ್ಯಾನಾಗುತ್ತದೆ. ದಾಹವಾದವರಿಗೆ ನೀರು ಕೊಡುವುದಿಲ್ಲ, ಇದು ನಮ್ಮ ಅಡಿಪಾಯ ಎಂದು ಹೇಳಲಾದೀತೆ? ಆ ಯೋಜನೆಯೂ ಬಿತ್ತು. ಕಡೆಗೆ ಮರಳಿನ ಚೀಲವೇ ಗತಿ ಎಂದಾಯಿತು. ಈಗಿನ ಬೆಂಗಳೂರಿನಲ್ಲಿ ಮರಳೆಂದರೆ ಎಂ-ಸ್ಯಾಂಡೇ. ಎದುರು ಬೀದಿಯಲ್ಲಿ ಕಟ್ಟುತ್ತಿರುವ ಮನೆಯ ಮೇಸ್ತ್ರಿ ನಾಲ್ಕು ಚೀಲ ಕೊಡುತ್ತೇನೆಂದಿದ್ದಾನೆ.

ಮಗಳ ಸಲಹೆಗಳೆಲ್ಲ ಚೆನ್ನಾಗಿದ್ದವು. ಒಂದೇ ತೊಡಕು: ಅವಳ ಹತ್ತಿರ ಹಲಗೆ ಹಿಡಿಸುವ ವ್ಯಾನು ಇದೆ. ನಮಗೆ ಸಿಗುವುದು ಸಾಮಾನು ಸಾಗಿಸುವ ಆಟೊ, ಅದರ ಹಿಂಭಾಗ ಆರಡಿಯೂ ಇಲ್ಲ. ಹಾಗೆ ನೋಡಿದರೆ ಏನನ್ನೂ ಹೊರದವರೇ ಜಾಣರು. ಲಂಡನ್ನಿನ ಬೇಸ್‌ವಾಟರ್ ರಸ್ತೆಯಲ್ಲಿ ಭಾನುವಾರ ಬಂತೆಂದರೆ ಕಲಾವಿದರು ಹೈಡ್ ಪಾರ್ಕಿನ ಕಬ್ಬಿಣದ ಬೇಲಿಗೇ ಚಿತ್ರ ನೇತುಹಾಕುತ್ತಾರೆ. ಬೇಲಿ ಸರ್ಕಾರದ್ದು, ಗಾಳಿ ದೇವರದ್ದು, ಚಿತ್ರವೊಂದೇ ತಮ್ಮದು. ನಮ್ಮ ಸಂತೆಯಲ್ಲೂ ಕಾಂಪೌಂಡಿಗೆ ಒರಗಿಸಿದವರು, ಮರದಿಂದ ಮರಕ್ಕೆ ಹಗ್ಗ ಕಟ್ಟಿದವರು, ನೆಲಕ್ಕೆ ಚಾಪೆ ಹಾಸಿ ಅದರ ಮೇಲೆ ಹರಡಿದವರು ಬೇಕಾದಷ್ಟು ಸಿಗುತ್ತಾರೆ. ಹಗ್ಗ ಕಟ್ಟಿದರೆ ಮರಕ್ಕೆ ನೋವಿಲ್ಲ, ಮೊಳೆ ಮಾತ್ರ ಹೊಡೆಯಬಾರದು. ಆದರೆ ಹಗ್ಗದ ಚಿತ್ರ ತಂಗಾಳಿಗೂ ತಿರುಗಿ ನಿಂತು ಬೆನ್ನು ತೋರಿಸುತ್ತದೆ. ಚಾಪೆಯ ಮೇಲಿನ ಚಿತ್ರವನ್ನು ನೋಡಲು ಕೊಳ್ಳುವವರು ಬಗ್ಗಬೇಕು. ಬಗ್ಗಿದವರ ಜೇಬಿಗೆ ಕೈ ಹೋಗುವುದಿಲ್ಲ ಎಂಬುದು ನನ್ನ ಅನುಮಾನ.

ನಿಜಕ್ಕೂ ಬೇರೆ ಗೋಡೆಯೇ ಬೇಡದ ಚಿತ್ರಗಳೂ ನಮ್ಮಲ್ಲಿದ್ದವು. ಸಾಗರದ ಕಡೆಯ ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರ ಹುಟ್ಟಿದ್ದೇ ಗೋಡೆಯ ಮೇಲೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಮನೆಯಲ್ಲಿ ಮದುವೆ ಎಂದರೆ ಗೋಡೆಯಲ್ಲಿ ಚಿತ್ತಾರ. ಬಿಹಾರದ ಮಧುಬನಿ, ಮಹಾರಾಷ್ಟ್ರದ ವಾರ್ಲಿ, ಎಲ್ಲದರದೂ ಇದೇ ವಂಶ. ಅವು ಈಗ ಕಾಗದಕ್ಕೆ, ಬಟ್ಟೆಗೆ ಇಳಿದು, ಚೌಕಟ್ಟು ಹಾಕಿಸಿಕೊಂಡು, ರೈಲು ಹತ್ತಿ ಸಂತೆಗೆ ಬರುತ್ತವೆ. ಬಂದ ಮೇಲೆ ಮಾಡುವ ಮೊದಲ ಕೆಲಸ, ಗೋಡೆ ಹುಡುಕುವುದು.

ಈ ಮಾತಿನಿಂದ ಚರ್ಚೆ ಬಣ್ಣಕ್ಕೆ ಹೊರಳಿತು. ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟು ಎಷ್ಟು ಚೆಂದ ಎದ್ದುಕಾಣುತ್ತದೆ ಎಂದು ನೋಡಿದವರಿಗೆ ಹಿನ್ನೆಲೆಯ ಬಣ್ಣದ ಬೆಲೆ ಗೊತ್ತು. ಗ್ಯಾಲರಿಗಳಲ್ಲಿ ಬಿಳಿ ಗೋಡೆ ರೂಢಿಯಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅದಕ್ಕೂ ಮುಂಚೆ ಯುರೋಪಿನ ದೊಡ್ಡ ಪ್ರದರ್ಶನಗಳಲ್ಲಿ ಗಾಢ ಬಣ್ಣದ ಗೋಡೆಗೆ ನೆಲದಿಂದ ಸೂರಿನವರೆಗೆ ಚಿತ್ರಗಳನ್ನು ಒತ್ತಿ ತುಂಬುತ್ತಿದ್ದರು. ಬಿಳಿ ಒಳಗೆ ಸರಿ. ಹೊರಗಿನ ಬಿಸಿಲಿನಲ್ಲಿ ಅದು ಕಣ್ಣು ಚುಚ್ಚುತ್ತದೆ, ಜಲವರ್ಣದ ತೆಳುವಾದ ನೀಲಿ ಅದರ ಮುಂದೆ ಸಪ್ಪೆಯಾಗುತ್ತದೆ. ಕಪ್ಪು ಬಟ್ಟೆ ಹಾಕಿದರೆ ಬಣ್ಣಗಳೇನೋ ಎದ್ದುಬರುತ್ತವೆ, ಆದರೆ ಬಿಸಿಲು ಹೀರಿ ಕಾಯುತ್ತದೆ. ಕಾದರೆ ಕಾಗದ ಸೊಟ್ಟಗಾಗುತ್ತದೆ, ಗಾಜಿನ ಒಳಗೆ ಹಬೆ ಕಟ್ಟುತ್ತದೆ.

ಬಿಸಿಲಿಗೂ ರಾಯರ ಬಳಿ ಲೆಕ್ಕವಿತ್ತು. ಸಂಕ್ರಾಂತಿಯ ಹಿಂದುಮುಂದಿನ ದಿನಗಳಲ್ಲಿ ಬೆಂಗಳೂರಿನ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಸುಮಾರು 35 ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ. ದಕ್ಷಿಣಕ್ಕೆ ಮುಖ ಮಾಡಿದ ಹಲಗೆಗೆ ದಿನವಿಡೀ ಬಿಸಿಲು, ಉತ್ತರಕ್ಕೆ ಮುಖ ಮಾಡಿದ್ದಕ್ಕೆ ನೆರಳು. “ಆದ್ರೆ ಅಲ್ಲಿ ದಿಕ್ಕು ನಾವು ಹೇಳ್ದಂಗೆ ಕೊಡಲ್ಲ ಅಲ್ವೇ,” ಎಂದು ಅವರೇ ನಿಟ್ಟುಸಿರುಬಿಟ್ಟು, ಮೂರು ಮಡಿಕೆಯ ಪರದೆಯ ಚಿತ್ರ ಬರೆದರು. ಮೂರು ಚೌಕಟ್ಟುಗಳಿಗೆ ಕೀಲು ಹಾಕಿ ಅಂಕುಡೊಂಕಾಗಿ ನಿಲ್ಲಿಸಿದರೆ ಬೇರೆ ಆಸರೆ ಬೇಕಿಲ್ಲ, ಒಂದು ಇನ್ನೊಂದನ್ನು ಹಿಡಿದುಕೊಳ್ಳುತ್ತದೆ. ಒಂದು ಮುಖಕ್ಕೆ ಬಿಸಿಲು ಬಂದಾಗ ಮತ್ತೊಂದು ಮುಖಕ್ಕೆ ನೆರಳಿರುತ್ತದೆ, ಚಿತ್ರಗಳನ್ನು ಅತ್ತಿಂದಿತ್ತ ಬದಲಾಯಿಸಬಹುದು. ಹಗುರವಾದ ಅಲ್ಯೂಮಿನಿಯಂ ಚೌಕಟ್ಟು, ಮಡಚಿದರೆ ಆಟೊಗೆ ಹಿಡಿಸಬೇಕು, ಆದ್ದರಿಂದ ಎತ್ತರ ಐದಡಿ. ಅದರೊಳಗೆ ಜಾಲರಿ. ಬಟ್ಟೆ ಇಡೀ ಮೈಗೆ ಬೇಡ. ಚಿತ್ರ ಬರುವ ಕಡೆ ಮಾತ್ರ ಒಂದೊಂದು ಪಟ್ಟಿ, ಸುತ್ತ ಗಾಳಿಗೆ ಸಂದಿ. ಕೇಳುತ್ತ ಕೇಳುತ್ತ ನನ್ನ ಸೊಂಟಕ್ಕೆ ಎಷ್ಟೋ ಸಮಾಧಾನವಾಯಿತು.

ಉಳಿದದ್ದು ಗಾಜಿನ ತೊಂದರೆ. ಜಲವರ್ಣಕ್ಕೆ ಗಾಜು ಬೇಕೇ ಬೇಕು. ಬಯಲಿನಲ್ಲಿ ಗಾಜೆಂದರೆ ಕನ್ನಡಿ. ನೋಡಲು ಬಂದವರಿಗೆ ಚಿತ್ರದಲ್ಲಿ ಆಕಾಶ, ಮರದ ಕೊಂಬೆ, ತಮ್ಮದೇ ಮುಖ. ಇದಕ್ಕೆ ಎಂಜಿನಿಯರ ಬಳಿಯೂ ಮೇಷ್ಟರ ಬಳಿಯೂ ಪರಿಹಾರವಿರಲಿಲ್ಲ.

“ನಮ್ಮಜ್ಜಿ ಮನೇಲಿ ದೇವರ ಪಟ, ತಾತನ ಫೋಟೊ ಎಲ್ಲಾ ಬಾಗಿಲ ಮೇಲೆ ಮುಂದಕ್ಕೆ ಬಾಗಿರ್ತಿತ್ತಲ್ಲ,” ಎಂದರು ರಾಯರ ಮನೆಯವರು. “ನೆಟ್ಟಗೆ ನಿಲ್ಲಿಸಿದ್ರೆ ಕಿಟಕಿ ಬೆಳಕು ಹೊಡೆಯುತ್ತೆ ಅಂತ ತಾತ ಹೇಳ್ತಿದ್ರು. ಹಾಗೇ ಬಾಗಿಸಿ.”

ಮೇಲಿನ ತುದಿಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿದರೆ ಗಾಜಿನಲ್ಲಿ ಆಕಾಶದ ಬದಲು ನೆಲ ಬಿಂಬಿಸುತ್ತದೆ. ನೆಲಕ್ಕೆ ಹೊಳಪಿಲ್ಲ, ಚಿತ್ರ ಕಾಣುತ್ತದೆ. ರಾಯರು ಕೋನದ ಲೆಕ್ಕ ಹಾಕಿ ನೋಡಿ, ತಾತ ಸರಿ ಎಂದು ತೀರ್ಪು ಕೊಟ್ಟರು. ಅಜ್ಜಿ ಮನೆಯ ಸೂರಿನ ಕೆಳಗೆ ಹಗ್ಗದಲ್ಲಿ ಬಾಗಿ ನಿಂತಿದ್ದ ಪಟದ ಹಿಂದೆ ಇಷ್ಟು ಭೌತಶಾಸ್ತ್ರ ಇತ್ತೆಂದು ನನಗೂ ಆವತ್ತೇ ಗೊತ್ತಾಗಿದ್ದು.

ಇಷ್ಟಕ್ಕೆ ಸುಮ್ಮನಿರದೆ ರಾಯರ ಮನೆಯವರು ಈಚೆ ಬಂದು, ಅಂಗಳದಲ್ಲಿ ನಿಂತಿದ್ದ ಮಳೆಯ ಚಿತ್ರದ ಮುಂದೆ ನಿಂತರು. ಕಣ್ಣು ಕಿರಿದು ಮಾಡಿದರು. ಎರಡೂ ಕೈ ಚಾಚಿ ಅಗಲ ಹಿಡಿದರು. ಅಗಲವನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ತಮ್ಮ ಮನೆಯ ಕಡೆ ತಿರುಗಿದರು.

“ಸೋಫಾ ಮೇಲೆ ಹಿಡಿಸುತ್ತೆ. ಆದ್ರೆ ನಮ್ಮ ಗೋಡೆ ಕೆನೆ ಬಣ್ಣ. ಅದರ ಮೇಲೆ ಹೇಗೆ ಕಾಣ್ಸುತ್ತೋ ಗೊತ್ತಾಗಲ್ಲ. ಈ ಜಾಲರಿ ಮೇಲೆ ನೋಡಿ ಹೇಗೆ ತಗೊಳ್ಳೋದು?”

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಷ್ಟು ದಿನ ರಾಯರು ಗಾಳಿಗೆ ಬೇಕಾದ ಗೋಡೆ ಹುಡುಕುತ್ತಿದ್ದರು, ನಾನು ಆಟೊಗೆ ಬೇಕಾದ ಗೋಡೆ, ನನ್ನಾಕೆ ಚಿತ್ರಕ್ಕೆ ಬೇಕಾದ ಗೋಡೆ. ಕೊಳ್ಳುವವರು ಹುಡುಕುವುದು ಮಾತ್ರ ತಮ್ಮ ಮನೆಯ ಗೋಡೆಯನ್ನು. ಸಂತೆಯ ಘೋಷಣೆ ‘ಮನೆಗೊಂದು ಕಲಾಕೃತಿ’ ಎಂದಲ್ಲವೆ? ಹಾಗಾದರೆ ಮಳಿಗೆಯ ಹಿನ್ನೆಲೆ ಮನೆಯ ಹಜಾರದ ಹಾಗೆ ಕಾಣಬೇಕು. ಚಿತ್ರಶಾಲೆಯ ಹಾಗೆ ಕಂಡರೆ ಜನ ಚೆನ್ನಾಗಿದೆ ಎಂದು ಹೇಳಿ ಮುಂದೆ ಹೋಗುತ್ತಾರೆ. ಮನೆಯ ಹಾಗೆ ಕಂಡರೆ ಅಳತೆ ಕೇಳುತ್ತಾರೆ.

ಅಲ್ಲಿಂದ ಮುಂದೆ ಎಲ್ಲವೂ ಬೇಗ ಬೇಗ ಇತ್ಯರ್ಥವಾಯಿತು. ಬಟ್ಟೆ ಬಿಳಿಯೂ ಅಲ್ಲ, ಕಪ್ಪೂ ಅಲ್ಲ. ಬಿಳುಪು ಮಾಡದ ಕೋರಾ ಹತ್ತಿಯದು. ಬೆಂಗಳೂರಿನ ಮುಕ್ಕಾಲು ಪಾಲು ಹಜಾರಗಳ ಬಣ್ಣ ಅದೇ. ಬಿಸಿಲಿಗೆ ಕಣ್ಣು ಚುಚ್ಚುವುದೂ ಇಲ್ಲ, ಚಿಕ್ಕಪೇಟೆಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಒಂದು ಮಡಿಕೆಗೆ ಒಂದು ದೊಡ್ಡ ಚಿತ್ರ, ಹೆಚ್ಚೆಂದರೆ ಅದರ ಕೆಳಗೆ ಒಂದು ಚಿಕ್ಕದು. ಉಳಿದವು ಮೇಜಿನ ಮೇಲಿನ ಫೈಲಿನಲ್ಲಿ, ಕೇಳಿದವರಿಗೆ. ಅರ್ಧ ಚಿತ್ರ ಕೆಳಗಿಡಬೇಕು ಎಂಬ ಮಾತನ್ನು ನಾವಿಬ್ಬರೂ ಹೇಳದೆಯೇ ಆಕೆಯ ಸೋಫಾ ಹೇಳಿಕೊಟ್ಟಿತು. ಗ್ಯಾಲರಿಯವರು ಚಿತ್ರದ ನಡುಭಾಗ ನೆಲದಿಂದ 57 ಅಂಗುಲದಲ್ಲಿರಬೇಕು ಎನ್ನುತ್ತಾರೆ. ನಾವು ಅದಕ್ಕಿಂತ ತುಸು ಕೆಳಗೇ ಇಡುವುದೆಂದಾಯಿತು. ಐದಡಿಯ ಚೌಕಟ್ಟಿನಲ್ಲಿ ಬೇರೆ ದಾರಿಯೂ ಇಲ್ಲ. “ನಾನು ಕತ್ತೆತ್ತಿ ನೋಡಬೇಕಾದ್ರೆ ಗರುಡಗಂಬ ನೋಡ್ತೀನಿ, ಚಿತ್ರ ಯಾಕೆ,” ಎಂದಿದ್ದರು ರಾಯರ ಮನೆಯವರು. ಬೆಲೆಯನ್ನೂ ಅಳತೆಯನ್ನೂ ದಪ್ಪ ಅಕ್ಷರದಲ್ಲಿ ಬರೆದಿಡಬೇಕು ಎಂಬುದೂ ಅವರದೇ ಸೂಚನೆ. ಕೇಳಲು ಸಂಕೋಚಪಡುವವರು ಕೇಳದೆಯೇ ಹೋಗಿಬಿಡುತ್ತಾರಂತೆ.

ಅಲ್ಯೂಮಿನಿಯಂ ಕೆಲಸದವನು ಮೊನ್ನೆ ಬಂದು ಅಳತೆ ತೆಗೆದುಕೊಂಡು ಹೋದ. ಇನ್ನೊಂದೇ ಪ್ರಶ್ನೆ ಉಳಿದಿತ್ತು, ಅದನ್ನು ಎತ್ತಿದವನು ನಾನು: ಒಂದು ಭಾನುವಾರದ ಗೋಡೆಯನ್ನು ವರ್ಷದ ಉಳಿದ 364 ದಿನ ಎಲ್ಲಿಡುವುದು? ಮಂಚದ ಕೆಳಗೆ ಚಿತ್ರಗಳಿವೆ, ಅಟ್ಟದ ಮೇಲೆ ಅವುಗಳ ಚೌಕಟ್ಟುಗಳಿವೆ.

“ನಮ್ಮನೇಲಿ ಇಡಿ,” ಎಂದರು ರಾಯರ ಮನೆಯವರು ತಟ್ಟನೆ. “ದಸರಾಕ್ಕೆ ಗೊಂಬೆ ಹಿಂದೆ ನಿಲ್ಲಿಸೋಕೆ ಹೇಳಿ ಮಾಡಿಸಿದ ಹಾಗಿದೆ. ಪ್ರತಿ ವರ್ಷ ಸೀರೆ ಕಟ್ಟಿ ಕಟ್ಟಿ ಸಾಕಾಯ್ತು.”

“ಒಳ್ಳೇದಾಯ್ತು,” ಎಂದರು ರಾಯರು. “ಮನೆ ಒಳಗೆ ಗಾಳಿ ಇರಲ್ಲ. ಮರಳಿನ ಚೀಲ ಬೇಕಾಗಲ್ಲ.”

“ಫ್ಯಾನ್ ಹಾಕ್ತೀವಲ್ರೀ?”

ರಾಯರು ಇಲ್ಲ ಎನ್ನಲಿಲ್ಲ. ನಾಲ್ಕು ಚೀಲ ಎಂ-ಸ್ಯಾಂಡೂ ದಸರೆಗೆ ಗೊತ್ತಾಯಿತು.